ಸಂಜೆ ಆರರ ನಂತರದ ಎಂಬಿಎ

ಎಂಬಿಎ ಎರಡು ಪಾಳಿಯಲ್ಲಿ ನಡೆಯುತ್ತದೆ. ಮೊದಲನೆಯದು ವೇಳಾಪಟ್ಟಿಯಲ್ಲಿರುತ್ತದೆ: ಮಾರ್ಕೆಟಿಂಗ್, ಫೈನಾನ್ಸ್, ಆಪರೇಷನ್ಸ್. ಎರಡನೆಯದು ಸಂಜೆ ಆರರ ಮೇಲೆ ಶುರುವಾಗುತ್ತದೆ: ಗ್ರೂಪ್ ಪ್ರಾಜೆಕ್ಟು, ಕೇಸ್ ಸ್ಪರ್ಧೆಯ ತಯಾರಿ, ಕಂಪನಿಗಳಲ್ಲಿರುವ ಸೀನಿಯರ್‌ಗಳ ಜೊತೆ ಚಹಾ, ಮಾತು. ದೆಹಲಿಯ ಓಖ್ಲಾದಲ್ಲಿ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ನನಗೆ ಮನದಟ್ಟಾದದ್ದು ಇಷ್ಟು: ಹುಡುಗಿಯರು ಹಿಂದೆ ಬೀಳುವುದು ಈ ಎರಡನೇ ಪಾಳಿಯಲ್ಲಿ.

ಓಖ್ಲಾ ಎಂದರೆ ಒಂದೇ ಊರಲ್ಲ. ಯಮುನೆಯ ಕಡೆಗೆ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಇದೆ. ಆ ವಿಶ್ವವಿದ್ಯಾಲಯ ಮೊದಲ ಮಹಿಳಾ ಕುಲಪತಿಯನ್ನು, ನಜ್ಮಾ ಅಖ್ತರ್ ಅವರನ್ನು, ಕಂಡದ್ದು 2019ರಲ್ಲಿ. ಇನ್ನೊಂದು ಕಡೆ ಕೈಗಾರಿಕಾ ಪ್ರದೇಶದ ಮೂರು ಫೇಸ್‌ಗಳು: ಗಾರ್ಮೆಂಟ್ಸ್, ಮುದ್ರಣಾಲಯ, ಗೋದಾಮು, ನಡುನಡುವೆ ಕಾಲೇಜು. ಹಗಲೆಲ್ಲ ಗಿಜಿಗುಡುವ ಈ ರಸ್ತೆಗಳು ಕಾರ್ಖಾನೆ ಬಿಟ್ಟ ಮೇಲೆ ಬರಿದಾಗುತ್ತವೆ. ಮೆಟ್ರೊ ಇದೆ, ನಿಜ. ಆದರೆ ಸ್ಟೇಷನ್ನಿನಿಂದ ಮನೆಯ ತನಕದ ಕೊನೆಯ ದಾರಿಗೆ ಮೆಟ್ರೊ ಇಲ್ಲ.

ಬದರ್‌ಪುರದ ಕಡೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಇದನ್ನು ತುಂಬ ಸರಳವಾಗಿ ಹೇಳಿದ್ದಳು: "ಮ್ಯಾಮ್, ಮೀಟಿಂಗ್ ಎಂಟಕ್ಕೆ ಇಟ್ಟರೆ ನಾನು ಸ್ಲೈಡ್ ಮಾಡಿ ಕಳಿಸ್ತೀನಿ, ಅವರು ಪ್ರೆಸೆಂಟ್ ಮಾಡ್ತಾರೆ." ಕೆಲಸ ಅವಳದು, ವೇದಿಕೆ ಬೇರೆಯವರದು. ಅವಳ ಗುಂಪಿನ ಹುಡುಗರು ಕೆಟ್ಟವರೇನಲ್ಲ. ಎಂಟು ಗಂಟೆ ಅವರಿಗೆ ಬರೀ ಎಂಟು ಗಂಟೆ, ಅಷ್ಟೇ.

ಇದು ಒಬ್ಬಳ ಅಂಜಿಕೆಯ ಮಾತಲ್ಲ. ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳ ಬಗ್ಗೆ ಮಾಡಿದ ಅಧ್ಯಯನ ಇದನ್ನೇ ಅಳೆದು ತೋರಿಸಿದೆ. ಹೋಗಿಬರುವ ದಾರಿ ಸುರಕ್ಷಿತ ಅನ್ನಿಸಿದರೆ ಸಾಕು, ಹುಡುಗಿಯರು ತಮಗೆ ಸಿಗಬಹುದಾದ ಒಳ್ಳೆಯ ಕಾಲೇಜು ಬಿಟ್ಟು ಕೆಳಗಿನ ದರ್ಜೆಯದನ್ನು ಆರಿಸಿಕೊಳ್ಳುತ್ತಾರೆ. ಹುಡುಗರ ಲೆಕ್ಕಾಚಾರದಲ್ಲಿ ದಾರಿಗೆ ಅಷ್ಟು ತೂಕವಿಲ್ಲ. 2019ರ ಅಕ್ಟೋಬರಿನಿಂದ ದೆಹಲಿಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಪಿಂಕ್ ಟಿಕೆಟ್ ಬಂತು. ನಮ್ಮ ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಹಾಗೆ. ಕೈಯಿಂದ ಹೋಗುವ ದುಡ್ಡು ಉಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಇಳಿದ ಮೇಲಿನ ಕತ್ತಲೆ ಹಾಗೇ ಇದೆ.

ಹಾಗಾಗಿ ಗುಂಪಿನ ಕೆಲಸವನ್ನು ತರಗತಿಯ ಹೊತ್ತಿನೊಳಗೇ ತಂದೆ. ವಾರಕ್ಕೆ ಒಂದು ಪಾಠದ ಅವಧಿ ಅದಕ್ಕೇ ಮೀಸಲು, ಪ್ರೆಸೆಂಟ್ ಮಾಡುವವರು ಸರದಿಯ ಪ್ರಕಾರ. ಪಾಠ ಮುಗಿಯುವುದಿಲ್ಲ ಎಂಬ ಆಕ್ಷೇಪ ಬಂತು. ಮುಗಿಯಿತು. ಸ್ಲೈಡ್ ಕಳಿಸುತ್ತಿದ್ದ ಹುಡುಗಿ ಎದ್ದುನಿಂತು ಬ್ಯಾಲೆನ್ಸ್ ಶೀಟ್ ವಿವರಿಸಿದಾಗ ಇಡೀ ತರಗತಿ ನೋಟ್ಸ್ ಬರೆದುಕೊಂಡಿತು.

ಹುಡುಗಿಯರ ಮಾತು ಲೆಕ್ಕಕ್ಕೆ ಬರದಿರುವ ಸಮಸ್ಯೆ ದೊಡ್ಡ ಹೆಸರಿನ ಸಂಸ್ಥೆಗಳಲ್ಲೂ ಇದೆ, ಅಲ್ಲಿ ದುಡ್ಡಿದೆ ಅಷ್ಟೇ. ಹಾರ್ವರ್ಡ್ ಬಿಸಿನೆಸ್ ಸ್ಕೂಲು ತನ್ನ ಎರಡು ವರ್ಷದ ಎಂಬಿಎಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1963ರಲ್ಲಿ. ತರಗತಿಯಲ್ಲಿ ಮಾತಾಡುವುದಕ್ಕೆ ಅಲ್ಲಿ ಅರ್ಧದಷ್ಟು ಅಂಕ ಇರುತ್ತದೆ. ಯಾರು ಏನು ಹೇಳಿದರೆಂದು ಪ್ರಾಧ್ಯಾಪಕರು ನೆನಪಿನ ಮೇಲೆ ಅಂಕ ಕೊಡುತ್ತಿದ್ದರು, ಹುಡುಗಿಯರ ಅಂಕ ಕುಸಿಯುತ್ತಿತ್ತು. ಹೆಣ್ಣುಮಕ್ಕಳು ಸೇರಿ ಐವತ್ತು ವರ್ಷವಾಗುವ ಹೊತ್ತಿಗೆ ತರಗತಿಗಳಲ್ಲಿ ಮಾತುಗಳನ್ನು ಬರೆದುಕೊಳ್ಳುವವರನ್ನು ಕೂರಿಸಿದರು, ಅಂತರ ಕಿರಿದಾಯಿತು. ಆಗ ಡೀನ್ ಆಗಿದ್ದವರು ನಿತಿನ್ ನೊಹ್ರಿಯಾ. 2014ರಲ್ಲಿ ಅವರು ಸಂಸ್ಥೆಯ ಹಳೆಯ ನಡವಳಿಕೆಗಾಗಿ ಹೆಣ್ಣುಮಕ್ಕಳ ಕ್ಷಮೆ ಕೇಳಿದರು. ಪಾಠಕ್ಕೆ ಬಳಸುವ ತಮ್ಮ ಕೇಸ್‌ಗಳಲ್ಲಿ ಹೆಣ್ಣು ಮುಖ್ಯಪಾತ್ರವಾಗಿರುವುದು ಸುಮಾರು ಶೇ. 9ರಲ್ಲಿ ಮಾತ್ರ, ಐದು ವರ್ಷದಲ್ಲಿ ಅದನ್ನು ಶೇ. 20ಕ್ಕೆ ಏರಿಸುತ್ತೇವೆ ಎಂದರು.

ಬರೆದುಕೊಳ್ಳುವವರನ್ನು ನೇಮಿಸುವ ಶಕ್ತಿ ನಮಗೆಲ್ಲಿ? ಹೆಸರಿನ ಪಟ್ಟಿ ಮೇಜಿನ ಮೇಲಿಟ್ಟುಕೊಂಡು, ಮಾತಾಡಿದವರ ಮುಂದೆ ಆ ಕ್ಷಣದಲ್ಲೇ ಗುರುತು ಹಾಕುವ ರೂಢಿ ಮಾಡಿಕೊಂಡೆ. ಕೈ ಎತ್ತಿದವರನ್ನಷ್ಟೇ ಅಲ್ಲದೆ ಪಟ್ಟಿ ನೋಡಿ ಕರೆದು ಕೇಳತೊಡಗಿದೆ. ಇನ್ನು ಕೇಸ್‌ಗಳಿಗಾಗಿ ಹಾರ್ವರ್ಡ್‌ಗೆ ಹೋಗಬೇಕಾಗಿರಲಿಲ್ಲ. ಪಕ್ಕದ ಗಾರ್ಮೆಂಟ್ಸ್ ಘಟಕಗಳಲ್ಲಿ ದಿನದ ಟಾರ್ಗೆಟ್, ರಿಜೆಕ್ಷನ್, ರಜೆ ಮೂರನ್ನೂ ತೂಗಿಸುವ ಲೈನ್ ಸೂಪರ್‌ವೈಸರ್ ಹೆಂಗಸರಿದ್ದಾರೆ. ಅವರ ಒಂದು ದಿನದ ತೀರ್ಮಾನಗಳನ್ನು ಕೇಸ್ ಮಾಡಿ ಕೊಟ್ಟಾಗ ಎದ್ದ ಚರ್ಚೆ ಯಾವ ಅಮೆರಿಕನ್ ಕಂಪನಿಯ ಕೇಸ್‌ಗೂ ಎದ್ದಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಸಂಬಳದ ಪ್ರಶ್ನೆ. ಪ್ಲೇಸ್‌ಮೆಂಟಿಗೆ ಮುಂಚೆ "ಎಷ್ಟು ಎದುರುನೋಡುತ್ತೀರಿ?" ಎಂದು ಎಲ್ಲರೆದುರು ಕೇಳುವುದು ಅನೇಕ ಕಡೆ ಪದ್ಧತಿ. ಚುರುಕಾದ ಹುಡುಗಿಯರು ತಮ್ಮ ಯೋಗ್ಯತೆಗಿಂತ ಕಡಿಮೆ ಹೇಳುತ್ತಿದ್ದರು. ಆತ್ಮವಿಶ್ವಾಸದ ಕೊರತೆ ಎಂದು ಸಹೋದ್ಯೋಗಿಗಳು ಅದಕ್ಕೊಂದು ಕಾರ್ಯಾಗಾರ ಸೂಚಿಸುತ್ತಿದ್ದರು. 2017ರಲ್ಲಿ ಪ್ರಕಟವಾದ ಬರ್ಸ್ಟಿನ್, ಫುಜಿವಾರ ಮತ್ತು ಪಲೈಸ್ ಅವರ ಅಧ್ಯಯನ ಬೇರೆಯದೇ ಹೇಳುತ್ತದೆ. ಅಮೆರಿಕದ ಒಂದು ಪ್ರತಿಷ್ಠಿತ ಎಂಬಿಎಯಲ್ಲಿ, ಉತ್ತರವನ್ನು ಸಹಪಾಠಿಗಳು ನೋಡುತ್ತಾರೆಂದು ತಿಳಿದಾಗ ಸಂಗಾತಿಯಿಲ್ಲದ ಹುಡುಗಿಯರು ಬಯಸುವ ಸಂಬಳವನ್ನು ವರ್ಷಕ್ಕೆ 18,000 ಡಾಲರ್ ಇಳಿಸಿ ಬರೆದರು. ಪ್ರಯಾಣ ಮಾಡುವ ದಿನಗಳನ್ನೂ ತಗ್ಗಿಸಿದರು. ಗಂಡಸರಲ್ಲಿ, ಸಂಗಾತಿಯಿದ್ದ ಹೆಂಗಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮಹತ್ವಾಕಾಂಕ್ಷೆ ತೋರಿದರೆ ಮದುವೆಯ ಮಾತುಕತೆಯಲ್ಲಿ ಬೆಲೆ ತೆರಬೇಕಾದೀತೆಂಬ ಅಳುಕು ಅಮೆರಿಕದಲ್ಲೇ ಹಾಗಿದ್ದರೆ, ಜಾತಕದ ಜೊತೆ ಪ್ಯಾಕೇಜ್ ಕೇಳುವ ನಮ್ಮ ಮನೆಗಳ ಮಾತೇನು? ಮುಚ್ಚಿದ ಲಕೋಟೆಯಲ್ಲಿ ಬರೆದುಕೊಡಿ ಎಂದಾಗ ನನ್ನ ತರಗತಿಯಲ್ಲೂ ಅಂಕಿಗಳು ಮೇಲೇರಿದವು.

ಹುಡುಗಿಯರಿಗೆ ಸೀಟು ಹೆಚ್ಚಿಸುವುದು ಬೇಡ ಎನ್ನುತ್ತಿಲ್ಲ. ಕೋಯಿಕ್ಕೋಡ್ ಐಐಎಂನಲ್ಲಿ 2013ರಲ್ಲಿ ಸೇರಿದ ತಂಡದ ಅರ್ಧಕ್ಕಿಂತ ಹೆಚ್ಚು ಮಂದಿ ಹುಡುಗಿಯರಾಗಿದ್ದದ್ದು ದೊಡ್ಡ ಹೆಜ್ಜೆ. ಆದರೆ ಪ್ರವೇಶದ ದಿನ ತಲೆ ಎಣಿಸಿ, ಪ್ಲೇಸ್‌ಮೆಂಟಿನ ದಿನ ಪ್ಯಾಕೇಜ್ ಎಣಿಸಿ ಸುಮ್ಮನಾಗುತ್ತೇವೆ. ಅರ್ಥಶಾಸ್ತ್ರಜ್ಞರಾದ ಬರ್ಟ್ರಾಂಡ್, ಗೋಲ್ಡಿನ್, ಕಾಟ್ಜ್ 2010ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿದವರ ಲೆಕ್ಕ ಕೊಟ್ಟರು. ಓದು ಮುಗಿದಾಗ ಸರಾಸರಿ ಗಳಿಕೆ ಗಂಡಸರದು 1,30,000 ಡಾಲರ್, ಹೆಂಗಸರದು 1,15,000. ಒಂಬತ್ತು ವರ್ಷದ ಮೇಲೆ 4,00,000 ಮತ್ತು 2,50,000. ಆರಂಭದ ಸಣ್ಣ ಅಂತರ ಕಂದರವಾಗುವುದು ಮಕ್ಕಳಾಗುವ ವರ್ಷಗಳಲ್ಲಿ, ಕೆಲಸಕ್ಕೆ ಬಿಡುವು ಕೊಟ್ಟಾಗ, ವಾರದ ಗಂಟೆಗಳು ಕಡಿಮೆಯಾದಾಗ.

ಅದಕ್ಕೇ ಈಗ ನನ್ನ ಒತ್ತಾಯ ಹಳೆಯ ವಿದ್ಯಾರ್ಥಿನಿಯರ ಪಟ್ಟಿಯ ಬಗ್ಗೆ. ಹತ್ತು ವರ್ಷದ ಹಿಂದೆ ಹೊರಬಿದ್ದವರು ಈಗ ಎಲ್ಲಿದ್ದಾರೆ, ಕೆಲಸ ಬಿಟ್ಟವರು ಯಾವಾಗ ಬಿಟ್ಟರು, ಹೆರಿಗೆಯ ನಂತರ ಯಾವ ಕಂಪನಿ ಅದೇ ಹುದ್ದೆಗೆ ಕರೆದುಕೊಂಡಿತು ಎಂಬುದನ್ನು ವರ್ಷಕ್ಕೊಮ್ಮೆ ಫೋನ್ ಮಾಡಿ ಬರೆದಿಡಬೇಕು. ಪ್ಲೇಸ್‌ಮೆಂಟಿಗೆ ಕಂಪನಿಗಳನ್ನು ಕರೆಯುವಾಗ ಆ ಪಟ್ಟಿ ಮೇಜಿನ ಮೇಲಿರಬೇಕು.