ಆಮ್ನಿಯೋಸೆಂಟೆಸಿಸ್: ಸೂಜಿಮೊನೆಯ ಅಪಾಯಗಳು

ಗರ್ಭಿಣಿಯ ಹೊಟ್ಟೆಯ ಮೂಲಕ ತೆಳುವಾದ ಸೂಜಿ ಇಳಿಸಿ, ಮಗುವಿನ ಸುತ್ತಲಿನ ಗರ್ಭದ್ರವವನ್ನು ಸುಮಾರು 15–20 ಮಿ.ಲೀ. ತೆಗೆಯುವ ವಿಧಾನವಿದು. ದ್ರವದಲ್ಲಿ ತೇಲುವ ಭ್ರೂಣದ ಕೋಶಗಳಿಂದ ಡೌನ್ ಸಿಂಡ್ರೋಮ್‌ನಂಥ (21ನೇ ವರ್ಣತಂತು ಮೂರಿರುವುದು) ದೋಷಗಳು ಪತ್ತೆಯಾಗುತ್ತವೆ. ಸ್ಕ್ಯಾನಿಂಗ್ ಪರದೆ ನೋಡುತ್ತಲೇ ಸೂಜಿ ಚುಚ್ಚುವುದರಿಂದ ಮಗುವಿಗೆ ತಗಲುವುದು ಅಪರೂಪ.

ಮುಖ್ಯ ಭಯ ಗರ್ಭಪಾತದ್ದು. 1986ರ ಡೆನ್ಮಾರ್ಕ್ ಅಧ್ಯಯನ ಹೆಚ್ಚುವರಿ ಅಪಾಯವನ್ನು ಸುಮಾರು ಶೇ. 1 ಎಂದಿತ್ತು, ಹಳೆಯ ಗೈಡುಗಳಲ್ಲಿ ಇಂದಿಗೂ ಅದೇ ಅಂಕಿ. ಈಚಿನ ವಿಶ್ಲೇಷಣೆಗಳಲ್ಲಿ ಅದು ಶೇ. 0.5ಕ್ಕಿಂತ ಕಡಿಮೆ. ದ್ರವ ಸೋರಿಕೆ ಶೇ. 1–2ರಷ್ಟು ಮಂದಿಯಲ್ಲಿ ಕಂಡರೂ ಬಹುಪಾಲು ತಾನೇ ನಿಲ್ಲುತ್ತದೆ. ಗರ್ಭಕೋಶದ ಸೋಂಕು ವಿರಳ.

ಅಪಾಯವನ್ನು ಏರಿಸುವ ಇನ್ನೊಂದು ಅಂಶ: ಸಮಯ. 15 ವಾರ ತುಂಬುವ ಮೊದಲೇ ಮಾಡಿದರೆ ಗರ್ಭಪಾತದ ಜೊತೆಗೆ ಮಗುವಿಗೆ ಸೊಟ್ಟಪಾದ ಬರುವ ಸಂಭವವೂ ಏರುತ್ತದೆ. 1998ರ ಕೆನಡಾ ಪ್ರಯೋಗದಲ್ಲಿ ಬೇಗ ಪರೀಕ್ಷೆಗೆ ಒಳಗಾದವರಲ್ಲಿ ಸೊಟ್ಟಪಾದ ಶೇ. 1.3, ತಡವಾಗಿ ಒಳಗಾದವರಲ್ಲಿ ಶೇ. 0.1. ಇನ್ನೊಂದು ಅಪಾಯ ರಕ್ತದ ಗುಂಪಿನದು: ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆಗಿದ್ದರೆ, ಇಬ್ಬರ ರಕ್ತ ಬೆರೆತು ತಾಯಿಯಲ್ಲಿ ಪ್ರತಿಕಾಯಗಳು ಹುಟ್ಟಬಹುದು. ತಡೆಗೆ ಆ್ಯಂಟಿ-ಡಿ ಚುಚ್ಚುಮದ್ದು.

ಭಾರತದಲ್ಲಿ ಈ ಪರೀಕ್ಷೆಯ ದೊಡ್ಡ ದುರ್ಬಳಕೆ, ಲಿಂಗ ಪತ್ತೆಮಾಡಿ ನಡೆಸುವ ಹೆಣ್ಣುಭ್ರೂಣ ಹತ್ಯೆ. 1994ರ ಪ್ರಸವಪೂರ್ವ ರೋಗನಿದಾನ ಕಾಯ್ದೆ (ಜಾರಿ: 1996ರ ಜನವರಿ 1, ತಿದ್ದುಪಡಿ: 2003) ಲಿಂಗ ತಿಳಿಸುವುದನ್ನು ನಿಷೇಧಿಸುತ್ತದೆ. ಅಡ್ಡಪರಿಣಾಮಗಳನ್ನು ವಿವರಿಸಿ, ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯುವುದು 5ನೇ ಕಲಮಿನ ಪ್ರಕಾರ ಕಡ್ಡಾಯ.