ಟೆಲಿಫೋನ್ ಗೂಡಿನ ಪುಸ್ತಕಭಂಡಾರ



ಇಂಗ್ಲೆಂಡು ದೇಶದ ಸಾಮರ್‌ಸೆಟ್ ಪ್ರಾಂತದಲ್ಲಿ, ಮೆಂಡಿಪ್ ಗುಡ್ಡಗಳ ತಪ್ಪಲಲ್ಲಿ, ವೆಸ್ಟ್‌ಬರಿ-ಸಬ್-ಮೆಂಡಿಪ್ ಎಂಬ ಚಿಕ್ಕ ಹಳ್ಳಿಯುಂಟು. ಆ ಊರಿಗೆ ಬರುತ್ತಿದ್ದ ಸಂಚಾರಿ ಪುಸ್ತಕಭಂಡಾರವು ನಿಂತುಹೋಯಿತು. ಬೀದಿಯ ಕೆಂಪು ಟೆಲಿಫೋನ್ ಗೂಡೂ ನಿರುಪಯೋಗವಾಯಿತು. ಊರಿನವರು ಗೊಣಗುತ್ತ ಕುಳಿತುಕೊಳ್ಳಲಿಲ್ಲ. 2009ರಲ್ಲಿ ಅವರ ಗ್ರಾಮಸಭೆಯು ಆ ಗೂಡನ್ನು ಒಂದು ಪೌಂಡಿಗೆ ಕೊಂಡಿತು. ಒಳಗೆ ಹಲಗೆಗಳನ್ನು ಜೋಡಿಸಿ, ತಮ್ಮ ಮನೆಯ ಪುಸ್ತಕಗಳನ್ನೇ ತಂದಿಟ್ಟು, ಹಗಲಿರುಳೂ ತೆರೆದಿರುವಂತೆ ಏರ್ಪಡಿಸಿದರು. ನಿಯಮವು ಒಂದೇ: ಓದಿ ಮುಗಿಸಿದ್ದನ್ನು ಇಡುವದು, ಓದದಿರುವದನ್ನು ಒಯ್ಯುವದು.

ಈ ಗ್ರಾಮಸಭೆಗಳು 1894ರ ಕಾಯಿದೆಯಿಂದ ಹುಟ್ಟಿದವು. ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಕೊಡುವ ಹಕ್ಕು ಅಲ್ಲಿಯ ಸ್ತ್ರೀಯರಿಗೆ 1918ರ ವರೆಗೆ ದೊರೆಯಲಿಲ್ಲ. ಗ್ರಾಮಸಭೆಗಾದರೋ ವಿವಾಹಿತೆಯರೂ ಅವಿವಾಹಿತೆಯರೂ ಮೊದಲಿನಿಂದಲೇ ಮತ ಕೊಡಬಹುದಾಗಿತ್ತು, ಸದಸ್ಯರೂ ಆಗಬಹುದಾಗಿತ್ತು. ಊರಿನ ಹಿತವನ್ನು ನೋಡುವದರಲ್ಲಿ ಸ್ತ್ರೀಯರಿಗೂ ಪಾಲುಂಟೆಂಬದು ಹೀಗೆ ಹಳ್ಳಿಯಲ್ಲಿ ಒಪ್ಪಿತವಾಯಿತು.

ಒಯ್ಯುವವರು ಮಾತ್ರ ಇದ್ದು ಇಡುವವರು ಇಲ್ಲದಿದ್ದರೆ ಅಂಥ ಭಂಡಾರವು ಬೇಗನೆ ಬರಿದಾಗುವದು. ಬಾವಿ, ಶಾಲೆ, ದೇವಾಲಯ, ಯಾವದಕ್ಕಾದರೂ ಈ ಮಾತು ಸಲ್ಲುತ್ತದೆ. ನಮ್ಮ ಹುಡುಗಿಯರೇ, ಈ ಶಾಲೆಯಿಂದ ನೀವು ಬಹಳವಾಗಿ ಒಯ್ದಿದ್ದೀರಿ. ನಿಮ್ಮ ಬೀದಿಯ ಮಕ್ಕಳಿಗಾಗಿ ಏನನ್ನು ಇಟ್ಟಿದ್ದೀರಿ?