ಹಸುವಿನ ಮದ್ದೂ ರಣಹದ್ದಿನ ಮರಣವೂ

ಕಾಡುಪ್ರಾಣಿಗಳಿಗೆ ಯಾರೂ ತಮ್ಮ ಇಷ್ಟದಂತೆ ಮದ್ದನ್ನು ಪ್ರಯೋಗಿಸಕೂಡದೆಂಬುದು ನಮ್ಮ ದೇಶದ ಶಾಸನದ ಅಭಿಪ್ರಾಯವಾಗಿದೆ. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಬೇಟೆ' ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಲ್ಲುವುದು ಮಾತ್ರವಲ್ಲದೆ ವಿಷವಿಕ್ಕುವುದೂ ಹಿಡಿಯುವುದೂ ಸೇರಿವೆ. ಆದಕಾರಣ ತೋಟಕ್ಕೆ ನುಗ್ಗಿದ ಚಿರತೆಗೆ ಅರಿವಳಿಕೆಯ ಸೂಜಿಯನ್ನು ಹಾರಿಸಿ ಹಿಡಿಯಬೇಕಾದರೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆ ಬೇಕು.

ಇದು ಅನೇಕರಿಗೆ ತಿಳಿದ ವಿಷಯವೇ. ಆದರೆ ಯಾರೂ ಕಾಡಿನ ಜೀವಿಗೆ ಕೊಡದ ಮದ್ದೊಂದು ಕೊಟ್ಟಿಗೆಯ ಹಸುವಿನ ಮೂಲಕ ಅದರ ಹೊಟ್ಟೆಯನ್ನು ಸೇರಿ, ಮೂರು ಜಾತಿಯ ರಣಹದ್ದುಗಳನ್ನು ನಿರ್ಮೂಲದ ಅಂಚಿಗೆ ತಂದ ಸಂಗತಿಯನ್ನು ವಾಚಕರು ಅಷ್ಟಾಗಿ ಕೇಳಿರಲಾರರು.

ರಣಹದ್ದೆಂದರೆ ಜನರಿಗೆ ಹೇಸಿಗೆ. ಅದರ ಬೋಳು ಕತ್ತನ್ನು ಮೆಚ್ಚಿ ಮಾತಾಡಿದವರನ್ನು ನಾವು ಕಂಡಿಲ್ಲ. ಹೀಗಿದ್ದರೂ ಊರ ಹೊರಗೆ ಎಸೆದ ದನದ ಹೆಣವನ್ನು ಅದು ನಾರುವುದಕ್ಕೆ ಮುಂಚೆಯೇ ತಿಂದು ಮುಗಿಸಿ, ಎಲುಬನ್ನಷ್ಟೇ ಉಳಿಸಿ ಹೋಗುತ್ತಿದ್ದ ಜಾಡಮಾಲಿಯು ಈ ಪಕ್ಷಿಯೇ. ಮುಂಬಯಿಯ ಪಾರಸಿಗಳು ತಮ್ಮ ಮೃತರ ಅಂತ್ಯವಿಧಿಗೂ ಇದನ್ನೇ ನಂಬಿದ್ದರು.

1990ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ರಣಹದ್ದುಗಳು ಕತ್ತನ್ನು ಜೋಲುಬಿಟ್ಟು ಕುಳಿತು ಸಾಯುವುದನ್ನು ಪಕ್ಷಿಶಾಸ್ತ್ರಜ್ಞರು ಕಂಡರು. ಬಿಳಿ ಬೆನ್ನಿನ ಜಾತಿಯಲ್ಲಂತೂ 1992ರಲ್ಲಿ ಸಾವಿರವಿದ್ದಲ್ಲಿ 2007ರ ಹೊತ್ತಿಗೆ ಒಂದು ಮಾತ್ರ ಉಳಿಯಿತು. ಅಂಟುರೋಗವಿರಬಹುದೆಂದು ಮೊದಲು ಊಹಿಸಿದರು. ಪಾಕಿಸ್ತಾನದಲ್ಲಿ ಪರಿಶೋಧನೆ ನಡೆಸಿದ ಲಿಂಡ್ಸೆ ಓಕ್ಸ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 2004ರಲ್ಲಿ ನಿಜವಾದ ಕಾರಣವನ್ನು ಪ್ರಕಟಿಸಿದರು. ಅದು ಡೈಕ್ಲೋಫಿನಾಕ್ ಎಂಬ ನೋವಿನ ಮದ್ದು. ಬಾವು, ಜ್ವರಗಳಿಗಾಗಿ ಹಸುವಿಗೆ ಚುಚ್ಚಿದ ಈ ಮದ್ದು ಹಸುವು ಬೇಗನೆ ಸತ್ತರೆ ಮಾಂಸದಲ್ಲಿ ಉಳಿಯುತ್ತದೆ. ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಟ್ಟು, ಯೂರಿಕ್ ಆಮ್ಲವು ಸುಣ್ಣದಂತೆ ಒಳಗಿನ ಅಂಗಗಳ ಮೇಲೆಲ್ಲಾ ಕಟ್ಟಿಕೊಂಡು, ಕೆಲವೇ ದಿನಗಳಲ್ಲಿ ಅದು ಸಾಯುವುದು.

ಒಂದು ಹೆಣಕ್ಕೆ ಹತ್ತಾರು ರಣಹದ್ದುಗಳು ಒಟ್ಟಾಗಿ ಎರಗುವುವು. ಆದುದರಿಂದ ನೂರು ಹೆಣಗಳಲ್ಲಿ ಒಂದಕ್ಕಿಂತಲೂ ಕಡಿಮೆ ವಿಷವುಳ್ಳದ್ದಾದರೂ ಇಷ್ಟು ದೊಡ್ಡ ನಾಶಕ್ಕೆ ಸಾಕೆಂದು ಲೆಕ್ಕವಿಟ್ಟವರು ತೋರಿಸಿದ್ದಾರೆ. ಮದ್ದು ಕೊಟ್ಟ ವೈದ್ಯನಾಗಲಿ ರೈತನಾಗಲಿ ದುಷ್ಟನಲ್ಲ. ನರಳುವ ಪಶುವಿನ ಮೇಲಿನ ಕನಿಕರದಿಂದಲೇ ಅವನು ಕೊಟ್ಟನು.

2006ರಲ್ಲಿ ಭಾರತ ಸರಕಾರವು ಪಶುಗಳಿಗಾಗಿ ಈ ಮದ್ದನ್ನು ತಯಾರಿಸುವುದನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿತು. ಮನುಷ್ಯರ ಉಪಯೋಗಕ್ಕಾದರೋ ಅದು ದೊಡ್ಡ ಸೀಸೆಗಳಲ್ಲಿ ಮಾರಾಟವಾಗುತ್ತಲೇ ಇತ್ತು, ಅದೇ ಸೀಸೆಯು ಕೊಟ್ಟಿಗೆಗೂ ಹೋಗುತ್ತಿತ್ತು. ಮನುಷ್ಯರಿಗೆ ಚುಚ್ಚುವ ಮದ್ದು 3 ಮಿಲಿಲೀಟರಿನ ಒಂದೇ ಪ್ರಮಾಣದ ಸೀಸೆಯಲ್ಲಿಯೇ ಇರಬೇಕೆಂಬ ನಿಯಮವು 2015ರಲ್ಲಿ ಬಂದಿತು. ದೊಡ್ಡ ಪಶುವಿಗೆ ಅಂಥ ಸೀಸೆಗಳನ್ನು ಹಲವು ಒಡೆಯಬೇಕಾಗುವುದರಿಂದ ವೆಚ್ಚವೂ ತೊಂದರೆಯೂ ಹೆಚ್ಚು. ಉಪಾಯವು ಜಾಣತನದ್ದೇ, ಆದರೆ ಅದಕ್ಕೆ ಒಂಬತ್ತು ವರ್ಷ ಬೇಕಾಯಿತೆಂಬುದು ನಮಗೆ ಸಮಾಧಾನದ ಮಾತಲ್ಲ. ಅಸಿಕ್ಲೋಫಿನಾಕ್ ಎಂಬ ಇನ್ನೊಂದು ಮದ್ದು ಹಸುವಿನ ಮೈಯಲ್ಲಿ ಡೈಕ್ಲೋಫಿನಾಕ್ ಆಗಿಯೇ ಮಾರ್ಪಡುವುದು. ಒಂದನ್ನು ತಡೆದು ಇನ್ನೊಂದನ್ನು ಬಿಡುವುದು ಮುಂಬಾಗಿಲಿಗೆ ಅಗಳಿಯಿಕ್ಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ. ಅದನ್ನೂ ಕೀಟೋಪ್ರೊಫೆನನ್ನೂ ಪಶುಗಳಿಗೆ ಕೊಡುವುದಕ್ಕಾಗಿ ಮಾರದಂತೆ 2023ರಲ್ಲಿ ನಿಷೇಧಿಸಲಾಯಿತು. 2024ರ ಕೊನೆಯಲ್ಲಿ ನಿಮೆಸುಲೈಡಿಗೂ ಹಾಗೆಯೇ ಆಯಿತು.

ಹಾಗಾದರೆ ನರಳುವ ಹಸುವಿಗೆ ಗತಿಯೇನೆಂದು ತಾಯಂದಿರು ಕೇಳಬಹುದು. ಮೆಲಾಕ್ಸಿಕಾಮ್ ಎಂಬ ಮದ್ದು ಪಶುವಿನ ನೋವನ್ನು ಶಮನಗೊಳಿಸುವುದು, ರಣಹದ್ದಿಗೆ ಕೇಡು ಮಾಡದೆಂದೂ ಪರೀಕ್ಷೆಯಿಂದ ಸಿದ್ಧವಾಗಿದೆ. ದನ ಸಾಕಿರುವ ಮನೆಯವರು ವೈದ್ಯರು ಬಂದಾಗ ಯಾವ ಮದ್ದು ಕೊಡುತ್ತೀರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಮದ್ದು ಪಡೆದು ಸತ್ತ ಪಶುವನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳುವುದು ಒಳ್ಳೆಯದು.

ನಮ್ಮ ಸೀಮೆಯ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸರಕಾರವು ಘೋಷಿಸಿತು. ಅಲ್ಲಿಯ ಬಂಡೆಗಳಲ್ಲಿ ಗೂಡು ಮಾಡುವ ಉದ್ದ ಕೊಕ್ಕಿನ ಜಾತಿಯು ವರ್ಷಕ್ಕೆ ಒಂದೇ ಮೊಟ್ಟೆಯನ್ನಿಡುವುದು. ಆ ಮರಿ ದೊಡ್ಡದಾಗಿ ತಾನೂ ಗೂಡು ಕಟ್ಟಲು ಸುಮಾರು ಐದು ವರ್ಷ ಹಿಡಿಯುವುದು. ಬೆಟ್ಟದ ಸುತ್ತ ಕಾವಲಿದ್ದರೂ ಆಹಾರ ಹುಡುಕುತ್ತಾ ಅವು ಬಹುದೂರದ ಊರುಗಳವರೆಗೆ ಹಾರಿಹೋಗುತ್ತವೆ. ಅಲ್ಲಿಯ ದನಗಳಿಗೆ ಏನನ್ನು ಚುಚ್ಚಿರುವರೆಂಬುದು ಬೆಟ್ಟದ ಕಾವಲುಗಾರನಿಗೆ ತಿಳಿಯುವುದಿಲ್ಲ.